ಸಹಾಯ ಬೇಕು: ಅಳಿವೆ ದಾಟುವ ದೋಣಿಯ ಹಾಡು

ನಮಸ್ಕಾರ. ನಾವು ತುಮಕೂರಿನವರು, ಕಡಲಿನ ನಂಟೆಂದರೆ ಅತ್ತೆಯವರ ತವರು, ಕುಂದಾಪುರದ ಬಳಿಯ ಗಂಗೊಳ್ಳಿ ಮಾತ್ರ. ಅವರು ಮೀನು ಹೆಚ್ಚುವಾಗ ಗುನುಗುವ ಹಳೆಯ ಹಾಡೊಂದು ಪೂರ್ತಿ ಬೇಕಾಗಿದೆ.

ಮಳೆಗಾಲದಲ್ಲಿ ನಾಡದೋಣಿಯೊಂದು ಅಳಿವೆ ದಾಟುತ್ತದೆ. ಸೌಪರ್ಣಿಕಾ, ವಾರಾಹಿ ಸೇರಿದಂತೆ ಐದು ನದಿಗಳು ಕಡಲಿಗೆ ಸೇರುವ ಜಾಗ ಅದು. ಹೊಳೆಯ ಸೆಳೆತವೂ ಕಡಲಿನ ತೆರೆಯೂ ಎದುರುಬದುರಾದರೆ ದೋಣಿ ಮಗುಚಲು ಕ್ಷಣ ಸಾಕು. ಹಾಡಿನಲ್ಲಿ ಹುಟ್ಟು ಮುರಿಯುತ್ತದೆ, ತಾಂಡೇಲ (ದೋಣಿಯ ಮುಖಂಡ) ಬಲೆಯನ್ನೇ ಕತ್ತರಿಸಿ ಬಿಡುತ್ತಾನೆ, ದಡದಲ್ಲಿ ಹೆಂಡತಿ ದೀಪ ಹಿಡಿದು ನಿಂತಿರುತ್ತಾಳೆ. ಸಾಲಿನ ಕೊನೆಗೆಲ್ಲ ‘ಐಲೇಸಾ’.

ಅವನು ದಡ ಸೇರಿದನೇ? ಅಲ್ಲಿಗೆ ಅತ್ತೆಯವರ ನೆನಪು ಕೈಕೊಡುತ್ತದೆ. ಕೇಳಿದರೆ ಪ್ರತಿ ಸಲವೂ ಬೇರೆ ಉತ್ತರ!

ಕುಂದಾಪುರದ ಕಡೆಯವರಿದ್ದರೆ ದಯವಿಟ್ಟು ಮನೆಯ ಹಿರಿಯರಿಂದ ಹಾಡಿಸಿ, ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿ. ಸಿನಿಮಾ ಹಾಡು ಬೇಡ, ಅವು ಈಗಾಗಲೇ ನಾಲ್ಕು ಬಂದಿವೆ.