ತಮ್ಮನ ಅಮಾನತು: ಬರೆದುಕೊಟ್ಟು ಮುಗಿಸೋದಾ, ಕೋರ್ಟಿಗೆ ಹೋಗೋದಾ?

ಪ್ರಶ್ನೆ

ನನ್ನ ತಮ್ಮನಿಗೆ 23 ವರ್ಷ, ಎಡಗೈ ಸ್ಪಿನ್ನರ್. ನಮ್ಮ ಕಡೆಯ ಒಂದು ಲೀಗ್‌ನಲ್ಲಿ ಮೂರು ವರ್ಷದಿಂದ ಆಡುತ್ತಿದ್ದಾನೆ. ಹೋದ ತಿಂಗಳು ಎಲ್‌ಬಿಡಬ್ಲ್ಯೂ ಕೊಡಲಿಲ್ಲ ಅಂತ ಅಂಪೈರ್ ಮೇಲೆ ಕೂಗಾಡಿದ. ಅದು ತಪ್ಪೇ. ಆದರೆ ವರದಿಯಲ್ಲಿ ‘ತಳ್ಳಿದ’ ಅಂತ ಬರೆದು ಒಂದು ವರ್ಷ ಅಮಾನತು ಮಾಡಿದ್ದಾರೆ. ಅವನು ಮುಟ್ಟಿಯೂ ಇಲ್ಲ. ನಾನು ಬೌಂಡರಿ ಗೆರೆ ಹತ್ತಿರವೇ ನಿಂತಿದ್ದೆ. ಈಗ, ‘ತಳ್ಳಿದ್ದು ನಿಜ, ಕ್ಷಮಿಸಿ ಅಂತ ಬರೆದುಕೊಡಿ, ನಾಲ್ಕು ಪಂದ್ಯಕ್ಕೆ ಇಳಿಸುತ್ತೇವೆ’ ಅನ್ನುತ್ತಾರೆ. ಅಪ್ಪ ಬರೆದುಕೊಡು ಅಂತಾರೆ. ತಮ್ಮ ಸರಿಯಾಗಿ ಊಟ ಮಾಡಿ ಎಷ್ಟೋ ದಿನ ಆಯ್ತು. ಏನು ಮಾಡಲಿ?

ಉತ್ತರ 1

ಮೊದಲು ಭಾರತ ತಂಡದಲ್ಲಿ ಆಡಿದ್ದ ಬೌಲರ್ ಶ್ರೀಶಾಂತ್ ಕೇಸಿನ ಇಸವಿಗಳನ್ನು ನೋಡಿ. 2013ರಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪ, ಬಿಸಿಸಿಐನಿಂದ ಆಜೀವ ನಿಷೇಧ. 2015ರಲ್ಲಿ ದೆಹಲಿ ಕೋರ್ಟ್ ಕ್ರಿಮಿನಲ್ ಕೇಸಿನಿಂದ ಬಿಟ್ಟಿತು, ನಿಷೇಧ ಹಾಗೇ ಉಳಿಯಿತು. 2017ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ನಿಷೇಧ ತೆಗೆಯಿತು. ಅಕ್ಟೋಬರ್‌ನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಮತ್ತೆ ಹೇರಿತು. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಯೋಚಿಸಿ ಅಂದ ಮೇಲೆ ಅದು ಏಳು ವರ್ಷಕ್ಕೆ ಇಳಿಯಿತು. 30ರಲ್ಲಿ ಹೊರಗೆ ಹೋದವರು ಮತ್ತೆ ಕೇರಳದ ಪರ ಆಡುವಾಗ 37. ಭಾರತ ತಂಡದ ಮಾಜಿ ನಾಯಕ ಅಜರುದ್ದೀನ್ ಅವರದ್ದು ಇನ್ನೂ ಬೇಸರ. ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಹೇರಿದ 2000ದ ನಿಷೇಧ ಕಾನೂನುಬಾಹಿರ ಅಂತ ಆಂಧ್ರ ಹೈಕೋರ್ಟ್ ಹೇಳಿದ್ದು 2012ರಲ್ಲಿ. ಆಗ ಅವರಿಗೆ 49.

ನಿಮ್ಮ ತಮ್ಮನದ್ದು ಒಂದೇ ವರ್ಷ. ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಅದೇ ಮುಗಿದಿರುತ್ತೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೂ ಮಾಡದ್ದನ್ನು ಮಾಡಿದೆ ಅಂತ ಬರೆದುಕೊಡಬೇಡಿ. ಆ ಕಾಗದ ಫೈಲಿನಲ್ಲಿ ಕೂರುತ್ತೆ. ಮುಂದಿನ ಸಲ ಸಣ್ಣ ಜಗಳವಾದರೂ ಅದನ್ನೇ ಹೊರಗೆ ತೆಗೆಯುತ್ತಾರೆ.

ಅಮೆರಿಕದ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಗೆ 2015ರಲ್ಲಿ ಚೆಂಡಿನ ಗಾಳಿ ಇಳಿಸಿದ ವಿಷಯಕ್ಕೆ ನಾಲ್ಕು ಪಂದ್ಯ ಅಮಾನತು ಆಯ್ತು. ರಾಜಿ ಮಾಡಿಕೊಳ್ಳಿ ಅಂತ ಜಡ್ಜೇ ಎರಡೂ ಕಡೆಗೆ ಒತ್ತಾಯಿಸಿದರು. ಯಾರೂ ಬಗ್ಗಲಿಲ್ಲ. ಜಡ್ಜ್ ಶಿಕ್ಷೆ ರದ್ದು ಮಾಡಿದರು, ಅವರು ಆ ಸೀಸನ್ ಆಡಿದರು. 2016ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟ್ 2-1ರಲ್ಲಿ ಶಿಕ್ಷೆಯನ್ನು ವಾಪಸ್ ತಂದಿತು. ಗಮನಿಸಿ, ಆ ಕೋರ್ಟ್ ನೋಡಿದ್ದು ಗಾಳಿ ಇಳಿಸಿದ್ದು ಯಾರು ಅಂತಲ್ಲ. ಒಪ್ಪಂದದ ಪ್ರಕಾರ ಲೀಗ್ ಕಮಿಷನರ್‌ಗೆ ಆ ಅಧಿಕಾರ ಇದೆಯಾ ಅಂತ. ಹಾಗಾಗಿ ನಿಮ್ಮ ತಮ್ಮ ನೋಂದಣಿ ಸಮಯದಲ್ಲಿ ಸಹಿ ಹಾಕಿದ ಕಾಗದ ಹುಡುಕಿ. ಮೇಲ್ಮನವಿಗೆ ಎಷ್ಟು ದಿನ ಇದೆ, ಯಾರು ಕೇಳುತ್ತಾರೆ, ಎಲ್ಲ ಅದರಲ್ಲೇ ಇರುತ್ತೆ. ಪಂದ್ಯವನ್ನು ಯಾರಾದರೂ ಮೊಬೈಲ್‌ನಲ್ಲಿ ಹಿಡಿದಿದ್ದಾರಾ ಅಂತಲೂ ಇವತ್ತೇ ಕೇಳಿ.

ಪ್ರಶ್ನೆ ಕೇಳಿದವರು

ವಿಡಿಯೋ ಸಿಕ್ಕಿತು! ಎದುರು ತಂಡದ ಹುಡುಗನೇ ಕಳಿಸಿದ. ಇಬ್ಬರ ನಡುವೆ ಎರಡು ಹೆಜ್ಜೆ ದೂರ ಇದೆ. ಕಾಗದವೂ ಸಿಕ್ಕಿತು, ಮೇಲ್ಮನವಿಗೆ ಇನ್ನು ಆರು ದಿನ ಇದೆ. ತಮ್ಮನೇ ಕೈಯಾರೆ ಬರೆದ: ‘ಅಂಪೈರ್ ಮೇಲೆ ಕೂಗಾಡಿದ್ದು ನನ್ನ ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ, ನಾಲ್ಕು ಪಂದ್ಯ ಹೊರಗಿರಲು ಒಪ್ಪುತ್ತೇನೆ. ನಾನು ಅವರನ್ನು ತಳ್ಳಿಲ್ಲ.’ ಕೊನೆಯ ಸಾಲು ತೆಗೆ ಅಂತ ಅಪ್ಪ ಹೇಳಿದರು. ಅವನು ತೆಗೆಯಲಿಲ್ಲ. ನಾಳೆ ಬೆಳಗ್ಗೆ ಇಬ್ಬರೂ ಹೋಗಿ ಕೊಟ್ಟು ಬರುತ್ತೇವೆ.