ಅಪ್‌ಡೇಟ್: ಟೊಮೆಟೊ ಕಾಯಿ ಕಚ್ಚಿದೆ, ಕೊತ್ತಂಬರಿಯದು ಬೇರೆಯೇ ಕಥೆ

ಕುಂಡದ ಟೊಮೆಟೊ ಗಿಡದಲ್ಲಿ ಹೂವುಗಳು ಧಾರಾಳವಾಗಿ ಬಂದರೂ ತೊಟ್ಟು ಕಳಚಿ ಉದುರುತ್ತಿವೆ, ಕೊತ್ತಂಬರಿ ಮೊಳೆಯುತ್ತಲೇ ಇಲ್ಲ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಎಂಬ ಸಲಹೆ ಓದಿ ನಕ್ಕಿದ್ದೆ. ಆದರೆ ಟೊಮೆಟೊದ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇರುತ್ತವೆ. ಗಾಳಿಯೋ ದುಂಬಿಯೋ ಅಲುಗಿಸಿದರೆ ಪರಾಗ ಉದುರಿ ಕೆಲಸ ಮುಗಿಯುತ್ತದೆ. ನನ್ನ ಗಿಡವಿರುವ ಮೂಲೆಗೆ ಅವೆರಡೂ ಸುಳಿಯುವುದಿಲ್ಲ. ಹಾಗಾಗಿ ಬೆಳಗಿನ ಹೊತ್ತು ನಾನೇ ತಟ್ಟತೊಡಗಿದೆ. ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗವೇ ಕೆಡುತ್ತದೆಂದು ತಿಳಿದ ಮೇಲೆ ಮಧ್ಯಾಹ್ನಕ್ಕೆ ನೆರಳುಬಲೆಯನ್ನೂ ಕಟ್ಟಿದೆ. ಈಗ ಒಣಗಿದ ದಳಗಳನ್ನು ಟೋಪಿಯಂತೆ ತುದಿಗೆ ಅಂಟಿಸಿಕೊಂಡ ಪುಟ್ಟ ಹಸಿರು ಕಾಯಿಗಳು ಕಾಣಿಸಿಕೊಂಡಿವೆ!

ಮೊದಲು ಬಲಿತ ಕಾಯಿಯ ತಳ ಮಾತ್ರ ಕಪ್ಪಾಗಿ ಚಪ್ಪಟೆಯಾಗಿತ್ತು. ಅದು ಸೋಂಕಲ್ಲವಂತೆ. ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದಾಗ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ, ಅಷ್ಟೇ. ಮಣ್ಣಿಗೆ ಒಣ ಎಲೆಗಳನ್ನು ಹೊದಿಸಿದ ಮೇಲೆ ತೇವ ಒಂದೇ ಸಮ ನಿಲ್ಲುತ್ತಿದೆ. ಔಷಧಿಯ ಖರ್ಚು ಉಳಿಯಿತು.

ಕೊತ್ತಂಬರಿ ಕಾಳನ್ನು ಎರಡು ಹೋಳಾಗಿ ಒಡೆದು ಬಿತ್ತಿದೆ, ಮೊಳೆಯಿತು. ಆದರೆ ಸೆಕೆಗೆ ಗೇಣುದ್ದ ಬೆಳೆಯುವಷ್ಟರಲ್ಲೇ ಹೂಬಿಟ್ಟು ಕುಳಿತಿದೆ. ಚಳಿ ಬರುವವರೆಗೆ ಅದರ ತಂಟೆಗೆ ಹೋಗುವುದಿಲ್ಲ. ಪುದೀನವಂತೂ ಯಾರ ಸಲಹೆಗೂ ಕಾಯದೆ ಪಕ್ಕದ ಕುಂಡಕ್ಕೆ ಕಾಲಿಟ್ಟಿದೆ.

ಒಂದು ಪ್ರಶ್ನೆ ಉಳಿದಿದೆ: ಟೊಮೆಟೊ ಇರುವುದು 20 ಲೀಟರ್ ಕುಂಡದಲ್ಲಿ. ಕಾಯಿ ನಿಂತಿರುವಾಗಲೇ ಮೇಲಿನಿಂದ ಗೊಬ್ಬರ ಕೊಡಬಹುದೇ?