ಎಸ್ಟೀಮ್ ಗೇರ್ ಬಾಕ್ಸ್ ಪೂರ್ತಿ ಕಟ್ಟಿದ ಮೇಲೂ ಎರಡನೇ ಗೇರ್ ಕರ್ ಅನ್ನುತ್ತಿದೆ

ಮಲ್ನಾಡ್85:
ಮೂರು ತಿಂಗಳಿಂದ ಇದೇ ಕೆಲಸ, ಸಾಕಾಗಿ ಹೋಗಿದೆ. ನನ್ನ ಮಾರುತಿ ಎಸ್ಟೀಮ್ ಕಾರಿನ ಗೇರ್ ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಿ ಕಟ್ಟಿದೆವು. ಬೇರಿಂಗ್ ಎಲ್ಲ ಹೊಸದು, ಆಯಿಲ್ ಸೀಲ್ ಹೊಸದು, ಕೋನ್ ಐದೂ ಹೊಸದು. ಆದರೂ ಮೂರರಿಂದ ಎರಡಕ್ಕೆ ಇಳಿಸಿದರೆ ಕರ್ ಅನ್ನುತ್ತದೆ. ಚಾರ್ಮಾಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಇದೇ ಶಬ್ದ. ಎಂಜಿನ್ ಬಿಸಿಯಾದ ಮೇಲೆ ಇನ್ನೂ ಜಾಸ್ತಿ. ನಾನು ಏನು ಬಿಟ್ಟಿದ್ದೇನೆ ಹೇಳಿ.

ಹಾಸನ_ಹಳೇಗಾಡಿ:
ಯಾವ ಆಯಿಲ್ ಹಾಕಿದ್ದೀರಿ?

ಮಲ್ನಾಡ್85:
80ಡಬ್ಲ್ಯು-90. ಅಂಗಡಿಯಲ್ಲಿ ಗೇರ್ ಆಯಿಲ್ ಅಂತ ಕೊಟ್ಟರು.

ಹಾಸನ_ಹಳೇಗಾಡಿ:
ದರ್ಜೆ ಜಿಎಲ್-4 ಅಥವಾ ಜಿಎಲ್-5, ಎರಡರಲ್ಲಿ ಯಾವುದು? ಡಬ್ಬಿ ನೋಡಿ. ಜಿಎಲ್-5 ಇದ್ದರೆ ಕಾಯಿಲೆ ಅಲ್ಲೇ ಇದೆ. ಅದು ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ ಮಾಡಿದ ಎಣ್ಣೆ. ಗಂಧಕ, ರಂಜಕದ ಅಂಶ ಅದರಲ್ಲಿ ಜಾಸ್ತಿ. ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಸಿಂಕ್ರೊದ ಹಿತ್ತಾಳೆ ರಿಂಗ್‌ಗೆ ಬೇಕಾದ ಹಿಡಿತ ಅದರಲ್ಲಿ ಸಿಗುವುದಿಲ್ಲ, ಜಾರುತ್ತದೆ.

ಮಲ್ನಾಡ್85:
ಡಬ್ಬಿ ಎಸೆದಾಗಿದೆ. ಜಿಎಲ್-4 ತಂದು ಹಾಕಿ ನೋಡುತ್ತೇನೆ.

ಕುಡ್ಲ_ರ‍್ಯಾಲಿ:
ಆಯಿಲ್ ಒಂದರಿಂದಲೇ ಹೊಸ ರಿಂಗ್ ಇಷ್ಟು ಬೇಗ ಕೂಗಲಿಕ್ಕಿಲ್ಲ ಮಾರಾಯ್ರೆ. ಮೊದಲು ಕ್ಲಚ್ ನೋಡಿ.

ಹಾಸನ_ಹಳೇಗಾಡಿ:
ಸರ್, 15 ವರ್ಷದಿಂದ ಇದೇ ಬಾಕ್ಸ್ ಬಿಚ್ಚುತ್ತಿದ್ದೇನೆ. ಆಯಿಲ್ ಬದಲಿಸಿದ್ದಕ್ಕೇ ಸರಿಹೋದ ಗಾಡಿಗಳನ್ನು ಕಣ್ಣಾರೆ ನೋಡಿದ್ದೇನೆ.

ಕುಡ್ಲ_ರ‍್ಯಾಲಿ:
ನಾನೂ ನೋಡಿದ್ದೇನೆ. ಅವೆಲ್ಲ ಬೆಳಗ್ಗೆ ತಣ್ಣಗಿದ್ದಾಗ ಗಟ್ಟಿ ಬರುತ್ತಿದ್ದ ಗಾಡಿಗಳು. ಇವರದ್ದು ಬಿಸಿಯಾದ ಮೇಲೆ ಜಾಸ್ತಿ ಅಂತ ಮೊದಲ ಸಾಲುಗಳಲ್ಲೇ ಬರೆದಿದ್ದಾರಲ್ವಾ?

ಮಲ್ನಾಡ್85:
ಜಿಎಲ್-4 ಹಾಕಿದೆ. 200 ಕಿ.ಮೀ. ಓಡಿಸಿದೆ. ಸ್ವಲ್ಪ ನಯವಾಯಿತು, ಕರ್ ಮಾತ್ರ ಹಾಗೇ ಇದೆ. ಹಳೇ ಎಣ್ಣೆ ಇಳಿಸುವಾಗ ಬಂಗಾರದ ಬಣ್ಣದ ಸಣ್ಣ ಪುಡಿ ಮಿಂಚುತ್ತಿತ್ತು.

ಹಾಸನ_ಹಳೇಗಾಡಿ:
ನೋಡಿ, ಹಿತ್ತಾಳೆ ಪುಡಿ. ಎಣ್ಣೆ ರಿಂಗ್ ತಿಂದಿದೆ. ಇನ್ನೊಂದು ಸಲ ಫ್ಲಶ್ ಮಾಡಿ ಹೊಸದು ಹಾಕಿ.

ಟಿನ್‌ಫ್ಯಾಕ್ಟರಿ_ಟರ್ಬೊ:
ಎಸ್ಟೀಮ್‌ಗೆ ಯಾಕೆ ಇಷ್ಟು ಕಷ್ಟಪಡುತ್ತೀರಿ ಗುರು? ನಾನು ಹಳೇ ಬಲೆನೊ 1.6 ಎಂಜಿನ್ ಬಾಕ್ಸ್ ಸಮೇತ ಎತ್ತಿ ಕೂರಿಸಿದೆ. ನೈಸ್ ರೋಡ್ ಕಡೆ ಬನ್ನಿ, ಓಡಿಸಿ ನೋಡಿ. ಮೂರನೇ ಗೇರ್‌ನಲ್ಲಿ ಎಳೆಯುವುದು ನೋಡಿದರೆ 85 ಎಚ್‌ಪಿ ಎಸ್ಟೀಮ್ ಮರೆತೇ ಬಿಡುತ್ತೀರಿ. ಸಸ್ಪೆನ್ಷನ್ ತಗ್ಗಿಸಿದ್ದೇನೆ, ಎಕ್ಸಾಸ್ಟ್ ಕೈಯಲ್ಲೇ ಮಾಡಿಸಿದ್ದು.

ಕುಡ್ಲ_ರ‍್ಯಾಲಿ:
ಫೋಟೊ ಬೇರೆ ಥ್ರೆಡ್‌ನಲ್ಲಿ ಹಾಕಿ, ಖಂಡಿತ ನೋಡುತ್ತೇನೆ. ಮಲ್ನಾಡ್ ಅವರೇ, ಇದೊಂದು ಮಾಡಿ. ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಐದಾರು ಸೆಕೆಂಡ್ ಕಾಯಿರಿ. ಆಮೇಲೆ ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ. ಕ್ಲಚ್ ಎಂಜಿನ್‌ನಿಂದ ಪೂರ್ತಿ ಬಿಡಿಸಿಕೊಂಡಿದ್ದರೆ ಅಷ್ಟು ಹೊತ್ತಿಗೆ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳಬೇಕು. ಕರ್ ಅಂದರೆ ಕ್ಲಚ್ ಇನ್ನೂ ಎಳೆಯುತ್ತಿದೆ ಅಂತ ಅರ್ಥ.

ಮಲ್ನಾಡ್85:
ರಿವರ್ಸ್ ಮೊದಲಿನಿಂದಲೂ ಕರ್ ಅನ್ನುತ್ತದೆ. ಹಳೇ ಗಾಡಿಗೆಲ್ಲ ಇದು ಇರುವುದೇ ಅಂದುಕೊಂಡು ಬರೆಯಲಿಲ್ಲ. ಈಗ ನೀವು ಹೇಳಿದ ಹಾಗೆ ಆರು ಸೆಕೆಂಡ್ ಕಾದೆ. ಆಗಲೂ ಕರ್ ಅಂತು.

ಕುಡ್ಲ_ರ‍್ಯಾಲಿ:
ಇದನ್ನು ಮೊದಲ ದಿನವೇ ಹೇಳಬೇಕಿತ್ತು! ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ಹೊಸದು ಹಾಕಿದಿರಾ? ಕೇಬಲ್?

ಮಲ್ನಾಡ್85:
ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಹೊಸದು. ಕೇಬಲ್ ಹಳೆಯದು. ಚೆನ್ನಾಗಿಯೇ ಕಾಣುತ್ತಿತ್ತು.

ಕುಡ್ಲ_ರ‍್ಯಾಲಿ:
ಹಳೇ ಕೇಬಲ್ ಒಳಗೆ ಎಳೆ ಹಿಗ್ಗಿರುತ್ತದೆ, ಹೊರಗಿಂದ ಗೊತ್ತಾಗುವುದಿಲ್ಲ. ಹೊಸದು ಹಾಕಿ, ಬಾಕ್ಸ್ ಕಡೆ ನಟ್‌ನಲ್ಲಿ ಸೆಟ್ ಮಾಡಿ. ಪೆಡಲ್‌ನಲ್ಲಿ ಸ್ವಲ್ಪ ಫ್ರೀ ಪ್ಲೇ, ಅಂದರೆ ಸಡಿಲ, ಇರಲೇಬೇಕು. ತೀರಾ ಬಿಗಿ ಮಾಡಿದರೆ ಪ್ಲೇಟ್ ಜಾರಿ ಸುಡುತ್ತದೆ. ಇನ್ನೊಂದು ಮಾತು. ಈ ಬಾಕ್ಸ್‌ನಲ್ಲಿ ರಿವರ್ಸ್ ಐಡ್ಲರ್ (ರಿವರ್ಸ್‌ನ ನಡುವಿನ ಗೇರ್) ಸೇರುವುದು ಒಂದು-ಎರಡನೇ ಗೇರ್ ಹಾಕಲು ಜಾರುವ ಸ್ಲೀವ್‌ನ ಹೊರ ಹಲ್ಲಿಗೆ. ನೀವು ಪ್ರತಿ ಸಲ ಕರ್ ಅನ್ನಿಸಿದಾಗ ಆ ಹಲ್ಲೂ ಸವೆಯುತ್ತದೆ.

ಹಾಸನ_ಹಳೇಗಾಡಿ:
ಕೇಬಲ್ ಇರಬಹುದು, ಆದರೆ ಆಯಿಲ್ ಮಾತು ನಾನು ಬಿಡುವುದಿಲ್ಲ.

ಟಿನ್‌ಫ್ಯಾಕ್ಟರಿ_ಟರ್ಬೊ:
ಡಬಲ್ ಡಿಕ್ಲಚ್ ಮಾಡಿದರೆ, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತಿ ಗೇರ್ ಹಾಕಿದರೆ, ಸಿಂಕ್ರೊ ಚಿಂತೆಯೇ ಇಲ್ಲ. ನಾನು ಹಾಗೆಯೇ ಓಡಿಸುವುದು.

ಹಾಸನ_ಹಳೇಗಾಡಿ:
ಅದು ನಿಮ್ಮ ಕಾಲಿನ ಗುಣ, ಬಾಕ್ಸ್ ರಿಪೇರಿ ಅಲ್ಲ. ಮನೆಯವರು ಗಾಡಿ ತೆಗೆದುಕೊಂಡು ಹೋದರೆ ಏನು ಮಾಡುತ್ತೀರಿ?

ಮಲ್ನಾಡ್85:
ಕೇಬಲ್ ಹೊಸದು ಹಾಕಿದೆ. ರಿವರ್ಸ್ ಬೆಣ್ಣೆ ಹಾಗೆ ಬೀಳುತ್ತಿದೆ! ಹತ್ತು ವರ್ಷದಲ್ಲಿ ಇದೇ ಮೊದಲು. ಕುಡ್ಲ ಅಣ್ಣ, ತುಂಬಾ ಉಪಕಾರ ಆಯಿತು. ಆದರೆ ಎರಡನೇ ಗೇರ್ ಪೂರ್ತಿ ಸರಿಹೋಗಿಲ್ಲ. ನಿಧಾನಕ್ಕೆ ಹಾಕಿದರೆ ಸದ್ದಿಲ್ಲ. 4500 ಆರ್‌ಪಿಎಂ ದಾಟಿಸಿ ಒಂದರಿಂದ ಎರಡಕ್ಕೆ ಬೇಗ ಎಳೆದರೆ ಕರ್. ಮೂರರಿಂದ ಎರಡಕ್ಕೂ ಅಷ್ಟೇ.

ಗೊರೂರು_ಫಿಟ್ಟರ್:
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ಕೋನ್ ಐದೂ ಹೊಸದು ಅಂದಿರಿ. ಕೋನ್ ಅಂದರೆ ಯಾವುದು? ನಮ್ಮ ಗ್ಯಾರೇಜ್‌ಗಳಲ್ಲಿ ಹಿತ್ತಾಳೆ ರಿಂಗ್‌ಗೇ ಕೋನ್ ಅನ್ನುತ್ತಾರೆ. ನಿಜವಾದ ಕೋನ್ ಗೇರ್‌ನ ಮೈಯಲ್ಲೇ ಇರುವ ಇಳಿಜಾರು ಭಾಗ. ರಿಂಗ್ ಅದರ ಮೇಲೆ ಕೂತು ಉಜ್ಜಿ ವೇಗ ಸಮ ಮಾಡುತ್ತದೆ. ಅದು ಗೇರ್ ಸಮೇತ ಬರುತ್ತದೆ, ಬೇರೆ ಸಿಗುವುದಿಲ್ಲ.

ಮಲ್ನಾಡ್85:
ರಿಂಗ್ ಮಾತ್ರ ಹೊಸದು ಸರ್. ಗೇರ್‌ಗಳೆಲ್ಲ ಹಳೆಯವೇ.

ಹಾಸನ_ಹಳೇಗಾಡಿ:
ನಾನು ಗೇರ್ ಸಮೇತ ಅಂದುಕೊಂಡಿದ್ದೆ. ಹಾಗಾದರೆ ಲೆಕ್ಕ ಬೇರೆ.

ಗೊರೂರು_ಫಿಟ್ಟರ್:
ಕಟ್ಟುವಾಗ ರಿಂಗ್ ಮತ್ತು ಗೇರ್ ನಡುವಿನ ಸಂದು ತೆಳು ತಗಡಿನ ಫೀಲರ್ ಗೇಜ್‌ನಲ್ಲಿ ಅಳೆದಿರಾ? ರಿಂಗ್ ಅನ್ನು ಕೋನ್ ಮೇಲೆ ಕೈಯಲ್ಲಿ ಒತ್ತಿ ಹಿಡಿದು, ರಿಂಗ್‌ನ ಹಲ್ಲಿಗೂ ಗೇರ್‌ನ ಸಣ್ಣ ಹಲ್ಲಿಗೂ ನಡುವೆ ಗೇಜ್ ತೂರಿಸಬೇಕು. ಸುತ್ತ ಮೂರು ಕಡೆ ನೋಡಬೇಕು. ಒಳ್ಳೆಯ ಜೋಡಿಯಲ್ಲಿ ಸುಮಾರು 1 ಮಿ.ಮೀ. ಸಿಗುತ್ತದೆ. 0.5ಕ್ಕಿಂತ ಕಡಿಮೆ ಇದ್ದರೆ ಆ ಜೋಡಿ ಮುಗಿದ ಹಾಗೆ. ಕೋನ್ ಸವೆದಿದ್ದರೆ ಹೊಸ ರಿಂಗ್ ಕೂಡ ಕೆಳಗೆ ಇಳಿದು ಕೂರುತ್ತದೆ. ಇನ್ನಷ್ಟು ಇಳಿಯಲು ಜಾಗ ಇಲ್ಲದಿದ್ದರೆ ಕಚ್ಚುವುದಿಲ್ಲ. ಎರಡನೇ ಗೇರ್‌ಗೇ ಈ ಪೆಟ್ಟು ಜಾಸ್ತಿ, ಒಂದಕ್ಕೂ ಎರಡಕ್ಕೂ ವೇಗದ ಅಂತರ ದೊಡ್ಡದು.

ಮಲ್ನಾಡ್85:
ಅಳೆಯಲಿಲ್ಲ. ನಮ್ಮ ಮೇಸ್ತ್ರಿ ಕೈಯಲ್ಲಿ ತಿರುಗಿಸಿ ಸರಿ ಇದೆ ಅಂದರು. ಅಂದರೆ ಮತ್ತೆ ಇಳಿಸಬೇಕಾ?

ಗೊರೂರು_ಫಿಟ್ಟರ್:
ಇಳಿಸಲೇಬೇಕು. ಎರಡನೇ ಗೇರ್ ಕೌಂಟರ್ ಶಾಫ್ಟ್ ಮೇಲಿದೆ, ಒತ್ತಿ ಬಿಡಿಸುವ ಪ್ರೆಸ್ ಇಲ್ಲದೆ ಬರುವುದಿಲ್ಲ. ಸುತ್ತಿಗೆ ಮಾತ್ರ ಹಾಕಿಸಬೇಡಿ.

ಟಿನ್‌ಫ್ಯಾಕ್ಟರಿ_ಟರ್ಬೊ:
ಗುಜರಿಯಿಂದ ಒಂದು ಬಾಕ್ಸ್ ತಂದು ಹಾಕಿದರೆ ಒಂದೇ ದಿನದ ಕೆಲಸ.

ಹಾಸನ_ಹಳೇಗಾಡಿ:
ಆ ಬಾಕ್ಸ್ ಒಳಗಿನ ಎರಡನೇ ಗೇರ್ ಹೇಗಿದೆ ಅಂತ ಯಾರಿಗೆ ಗೊತ್ತು? ಅದನ್ನೂ ಬಿಚ್ಚಿ ಅಳೆಯಬೇಕು. ಈ ಮಾತಿನಲ್ಲಿ ನಾನು ಗೊರೂರು ಅವರ ಕಡೆ.

ಮಲ್ನಾಡ್85:
ಎರಡು ಭಾನುವಾರ ಹಿಡಿಯಿತು. ಬಾಕ್ಸ್ ಬೆಂಚ್ ಮೇಲಿದೆ. ಪಕ್ಕದ ವರ್ಕ್‌ಶಾಪ್‌ನಲ್ಲಿ ಪ್ರೆಸ್ ಸಿಕ್ಕಿತು. ಅಳತೆ ಹೀಗಿದೆ: ಮೂರನೇ ಗೇರ್ 1.1, ನಾಲ್ಕು 1.0, ಒಂದು 0.9. ಎರಡನೇ ಗೇರ್ ಮೂರೂ ಕಡೆ 0.4. ಹೊಸ ರಿಂಗ್ ಇದ್ದೂ 0.4! ಕೋನ್ ಮೈ ಕನ್ನಡಿ ಹಾಗೆ ಹೊಳೆಯುತ್ತಿದೆ. ಮೂರನೇ ಗೇರ್‌ನ ಕೋನ್ ಮಂಕಾಗಿದೆ, ರಿಂಗ್ ಒತ್ತಿ ತಿರುಗಿಸಿದರೆ ಕಚ್ಚಿ ನಿಲ್ಲುತ್ತದೆ. ಎರಡರ ಮೇಲೆ ಸಲೀಸಾಗಿ ಸುತ್ತುತ್ತದೆ.

ಕುಡ್ಲ_ರ‍್ಯಾಲಿ:
ಹತ್ತು ವರ್ಷ ಕ್ಲಚ್ ಎಳೆಯುತ್ತಲೇ ಗೇರ್ ಹಾಕಿದ್ದೀರಲ್ಲ, ಕೋನ್ ಸವೆಯದೆ ಏನಾಗುತ್ತದೆ! ಈಗ ಹಳೇ ಕೇಬಲ್ ಎಸೆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಹೊಸ ಗೇರೂ ಇದೇ ದಾರಿ ಹಿಡಿಯುತ್ತಿತ್ತು.

ಹಾಸನ_ಹಳೇಗಾಡಿ:
ಆಯಿಲ್ ಬಗ್ಗೆ ನಾನು ಜಾಸ್ತಿ ಎಳೆದೆ, ನಿಮ್ಮ ಒಂದು ವಾರ ಹೋಯಿತು, ಕ್ಷಮಿಸಿ. ಜಿಎಲ್-4 ಮಾತ್ರ ಮುಂದುವರಿಸಿ.

ಮಲ್ನಾಡ್85:
ಪರವಾಗಿಲ್ಲ ಸರ್, ಎಣ್ಣೆ ಬದಲಿಸಿದ್ದಕ್ಕೇ ಆ ಪುಡಿ ಕಣ್ಣಿಗೆ ಬಿತ್ತು. ಈಗ ಎರಡನೇ ಗೇರ್ ಒಂದೇ ಬೇಕು. ಮೂರು ಅಂಗಡಿ ಕೇಳಿದೆ, ಇಲ್ಲ ಅಂದರು. ಯಾರ ಹತ್ತಿರವಾದರೂ ಇದೆಯಾ? ಜಿಪ್ಸಿ ಗೇರ್ ಕೂರುತ್ತದಾ?

ಗೊರೂರು_ಫಿಟ್ಟರ್:
ಜಿಪ್ಸಿ ಬಾಕ್ಸ್ ಉದ್ದಕ್ಕೆ ಕೂರುವಂಥದ್ದು, ಅದೇ ಬೇರೆ. ಅದರ ಗೇರ್ ಇದಕ್ಕೆ ಬರುವುದಿಲ್ಲ. ನನ್ನ ಹತ್ತಿರ ಬಿಚ್ಚಿಟ್ಟ ಎಸ್ಟೀಮ್ ಬಾಕ್ಸ್ ಒಂದಿದೆ. ನಿಮ್ಮ ಎರಡನೇ ಗೇರ್‌ನ ಹಲ್ಲು ಎಣಿಸಿ, ಇನ್‌ಪುಟ್ ಶಾಫ್ಟ್‌ನಲ್ಲಿ ಅದಕ್ಕೆ ಸೇರುವ ಜೋಡಿಯದ್ದೂ ಎಣಿಸಿ ಹಾಕಿ. ಹಲ್ಲು ಸರಿಹೋದರೆ ನನ್ನದರ ಸಂದು ಅಳೆದು ಹೇಳುತ್ತೇನೆ. ಅಲ್ಲಿಯವರೆಗೆ ಬಾಕ್ಸ್ ಮೇಲೆ ಬಟ್ಟೆ ಮುಚ್ಚಿಡಿ, ಧೂಳು ಬೀಳಬಾರದು.

ಟಿನ್‌ಫ್ಯಾಕ್ಟರಿ_ಟರ್ಬೊ:
ಬಲೆನೊ ಬಾಕ್ಸ್ ಒಂದು ನನ್ನ ಕಣ್ಣಿಗೆ ಬಿದ್ದಿದೆ, ಬೇಕಿದ್ದರೆ ವಿಚಾರಿಸುತ್ತೇನೆ.

ಮಲ್ನಾಡ್85:
ಮೊದಲು ಹಲ್ಲು ಎಣಿಸುತ್ತೇನೆ. ಇವತ್ತು ಕರೆಂಟ್ ಇಲ್ಲ, ನಾಳೆ ಬೆಳಗ್ಗೆ ಹಾಕುತ್ತೇನೆ.